ಸಂಶೋಧನೆಗೆ ಜನ ಬೇಕಂತೆ: ಸಹಿ ಮಾಡೋ ಮುಂಚೆ ಇಷ್ಟು ತಿಳಿದಿರಲಿ

ಕಲಬುರಗಿಯ ಯಾವುದಾದರೂ ಕಾಲೇಜಿನ ವಾಟ್ಸಾಪ್ ಗ್ರೂಪಿನಲ್ಲಿದ್ದರೆ ಇಂಥ ಸಂದೇಶ ನಿಮಗೂ ಬಂದಿರಬಹುದು. “ನಮ್ಮ ಅಧ್ಯಯನಕ್ಕೆ 18ರಿಂದ 25 ವರ್ಷದ ಸ್ವಯಂಸೇವಕರು ಬೇಕಾಗಿದ್ದಾರೆ. ಲಿಂಕ್ ಒತ್ತಿ ಫಾರ್ಮ್ ತುಂಬಿ.” ಹಳ್ಳಿಯಲ್ಲಿದ್ದರೆ ಅದೇ ಕೋರಿಕೆ ಮನೆ ಬಾಗಿಲಿಗೆ ಬರುತ್ತದೆ. ರಟ್ಟಿನ ಪ್ಯಾಡ್ ಹಿಡಿದ ಒಬ್ಬ ವಿದ್ಯಾರ್ಥಿನಿ, ಜೊತೆಗೆ ಊರಿನ ಆಶಾ ಕಾರ್ಯಕರ್ತೆ. ದವಾಖಾನೆಯಲ್ಲಾದರೆ ಚೀಟಿ ಮಾಡಿಸಿ ಕೂತಿರುವಾಗ ಕಿರಿಯ ಡಾಕ್ಟರೊಬ್ಬರು ಬಂದು ಕೇಳುತ್ತಾರೆ: “ಒಂದು ಸ್ಟಡಿ ಮಾಡ್ಲಿಕ್ಕತ್ತೀವಿ, ನೀವು ಸೇರ್ತೀರೇನ್ರಿ?”

ಹೂಂ ಅನ್ನಬೇಕೋ, ಬೇಡ ಅನ್ನಬೇಕೋ? ಎರಡಕ್ಕೂ ಮುಂಚೆ, ಕೇಳುತ್ತಿರುವುದು ಏನು ಅಂತ ತಿಳಿಯಬೇಕು. ಅಷ್ಟು ಕಾಯುವ ವ್ಯವಧಾನ ಕೇಳುವವರಿಗೂ ಇರೋದಿಲ್ಲ, ಹೇಳುವವರಿಗೂ ಇರೋದಿಲ್ಲ. ಹಾಗಾಗಿ ಇಲ್ಲಿ ನಿಧಾನಕ್ಕೆ ನೋಡೋಣ.

ನಮ್ಮನ್ನೇ ಯಾಕೆ ಕೇಳುತ್ತಾರೆ?

ನಮ್ಮ ಭಾಗದಲ್ಲಿ ಸಂಶೋಧನೆ ಮಾಡುವವರು ಕಡಿಮೆಯೇನಿಲ್ಲ. 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯ ಇದೆ. 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಬಂತು, ಆಳಂದ ತಾಲೂಕಿನ ಕಡಗಂಚಿಯಲ್ಲಿ ಅದರ ಕ್ಯಾಂಪಸ್. ಊರೊಳಗೆ ಶರಣಬಸವ ಮತ್ತು ಖಾಜಾ ಬಂದೇನವಾಜ್ ವಿಶ್ವವಿದ್ಯಾಲಯಗಳಿವೆ. ಜಿಮ್ಸ್, ಇಎಸ್‌ಐಸಿ, ಎಂ.ಆರ್. ಮೆಡಿಕಲ್ ಕಾಲೇಜು ಇವೆ. ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಎಂಡಿ, ಎಂಎಸ್ ಓದುವ ಡಾಕ್ಟರುಗಳು ಪ್ರಬಂಧ ಬರೆಯಲೇಬೇಕು. ಪಿಎಚ್‌ಡಿ ಅಂದರೆ ಸಂಶೋಧನೆಯೇ. ಇವರಲ್ಲಿ ಎಷ್ಟೋ ಜನರ ವಿಷಯ ಮನುಷ್ಯರಿಗೆ ಸಂಬಂಧಿಸಿದ್ದು: ಬಾಣಂತಿಯರ ರಕ್ತಹೀನತೆ, ಗುಳೆ ಹೋದವರ ಮಕ್ಕಳ ಓದು, ವಯಸ್ಸಾದವರ ಸಕ್ಕರೆ ಕಾಯಿಲೆ. ಅದಕ್ಕೆ ಜನ ಬೇಕು.

ಜನ ಅಂದರೆ ಎಲ್ಲಿಯ ಜನವಾದರೂ ನಡೆಯೋದಿಲ್ಲ. ಬಿಎಂಐ ಅನ್ನೋ ಲೆಕ್ಕವನ್ನೇ ತಗೊಳ್ಳಿ. ಕೆಜಿ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ ಅದು. 25 ಮುಟ್ಟಿದರೆ ತೂಕ ಜಾಸ್ತಿ ಅನ್ನೋದು ಜಗತ್ತಿನಲ್ಲಿ ಬಳಕೆಯಲ್ಲಿರುವ ಮಿತಿ. ಆದರೆ ಭಾರತೀಯರ ಮೇಲೆ ಅಧ್ಯಯನಗಳಾದ ಮೇಲೆ ಬೇರೆಯೇ ಸಂಗತಿ ಕಂಡಿತು. ನಮ್ಮವರಿಗೆ ಇನ್ನೂ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಅಂಟಿಕೊಳ್ಳುತ್ತದೆ. ಅದಕ್ಕೇ ಇಲ್ಲಿನ ಡಾಕ್ಟರುಗಳು 23ಕ್ಕೇ ಎಚ್ಚರಿಸುತ್ತಾರೆ. ಆ ಎರಡು ಅಂಕಿಯ ವ್ಯತ್ಯಾಸ ಗೊತ್ತಾಗಿದ್ದು ನಮ್ಮಂಥ ಜನ ತೂಕ ಅಳೆಸಿಕೊಂಡು, ರಕ್ತ ಕೊಟ್ಟಿದ್ದರಿಂದ.

ಮನಶ್ಶಾಸ್ತ್ರದಲ್ಲೂ ಇದೇ ಕಥೆ. 2010ರಲ್ಲಿ ಸಂಶೋಧಕರ ಒಂದು ತಂಡ ಇದರ ಲೆಕ್ಕವನ್ನು ಎಲ್ಲರ ಮುಂದಿಟ್ಟಿತು. ಆ ಕ್ಷೇತ್ರದ ಹೆಸರಾಂತ ಪತ್ರಿಕೆಗಳ ಅಧ್ಯಯನಗಳಲ್ಲಿ ಭಾಗವಹಿಸಿದವರ ಪೈಕಿ ಶೇ 96ರಷ್ಟು ಮಂದಿ ಪಶ್ಚಿಮದ ಶ್ರೀಮಂತ ದೇಶಗಳವರು. ಆ ದೇಶಗಳಲ್ಲಿರೋದು ಪ್ರಪಂಚದ ಶೇ 12ರಷ್ಟು ಜನ ಮಾತ್ರ. ಅವರಲ್ಲೂ ಬಹಳಷ್ಟು ಮಂದಿ ಕಾಲೇಜು ವಿದ್ಯಾರ್ಥಿಗಳು. ಅವರಿಂದ ಕಂಡುಕೊಂಡದ್ದನ್ನು “ಮನುಷ್ಯರ ಸ್ವಭಾವ” ಅಂತ ಪುಸ್ತಕದಲ್ಲಿ ಬರೆದಾಗ ಜೇವರ್ಗಿಯ ರೈತ ಮಹಿಳೆ ಆ ಲೆಕ್ಕದಲ್ಲಿ ಇರೋದಿಲ್ಲ.

ಯಾರನ್ನು ಆರಿಸಬೇಕು?

ತೊಗರಿ ಮಾರಲು ಎಪಿಎಂಸಿಗೆ ಹೋದವರಿಗೆ ಇದು ಗೊತ್ತು. ವ್ಯಾಪಾರಿ ಚೀಲದ ಬಾಯಲ್ಲಿರುವ ಕಾಳು ನೋಡಿ ದರ ಹೇಳೋದಿಲ್ಲ. ಚೂಪಾದ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿ ಒಳಗಿನ ಕಾಳು ತೆಗೆಯುತ್ತಾನೆ. ಒಂದೇ ಚೀಲ ನೋಡಿ ಬಿಡೋದೂ ಇಲ್ಲ. ಸಂಶೋಧಕರು ಮಾಡಬೇಕಾದದ್ದೂ ಅಷ್ಟೇ. ಎಲ್ಲರನ್ನೂ ಕೇಳಲು ಆಗೋದಿಲ್ಲ, ಕೆಲವರನ್ನು ಕೇಳಿ ಎಲ್ಲರ ಬಗ್ಗೆ ಹೇಳಬೇಕು. ಹೀಗೆ ಆರಿಸಿದ ಕೆಲವರನ್ನು ಮಾದರಿ ಅಂತಾರೆ. ಮಾದರಿ ಕೆಟ್ಟರೆ ಮುಂದಿನ ಲೆಕ್ಕವೆಲ್ಲಾ ಕೆಟ್ಟಂತೆ.

ಜಾಸ್ತಿ ಜನರನ್ನು ಕೇಳಿಬಿಟ್ಟರೆ ಸರಿಹೋಗುತ್ತದೆ ಅಂತ ಅನಿಸಬಹುದು. ಹೋಗೋದಿಲ್ಲ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುಂಚೆ ಲಿಟರರಿ ಡೈಜೆಸ್ಟ್ ಅನ್ನೋ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಮತಪತ್ರದಂಥ ಕಾರ್ಡು ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಲ್ಯಾಂಡನ್ ಅನ್ನೋ ಅಭ್ಯರ್ಥಿ ಗೆಲ್ಲುತ್ತಾರೆ ಅಂತ ಪತ್ರಿಕೆ ಹೇಳಿತು. ಗೆದ್ದವರು ರೂಸ್‌ವೆಲ್ಟ್, ಅದೂ 48ರಲ್ಲಿ 46 ರಾಜ್ಯಗಳಲ್ಲಿ. ತಪ್ಪಿದ್ದೆಲ್ಲಿ? ವಿಳಾಸಗಳನ್ನು ಹೆಕ್ಕಿದ್ದು ಬಹುಪಾಲು ಟೆಲಿಫೋನ್ ಪುಸ್ತಕ ಮತ್ತು ಕಾರು ಇದ್ದವರ ಪಟ್ಟಿಯಿಂದ. ಆ ಕಾಲದಲ್ಲಿ ಬಡವರ ಮನೆಯಲ್ಲಿ ಇವೆರಡೂ ಎಲ್ಲಿ ಬರಬೇಕು? ಮೇಲಾಗಿ ಕಾರ್ಡು ಬಂದವರೆಲ್ಲಾ ಉತ್ತರ ಬರೆಯಲೂ ಇಲ್ಲ.

ಇವತ್ತಿನ ವಾಟ್ಸಾಪ್ ಲಿಂಕಿಗೂ ಇದೇ ತೊಂದರೆ ಇದೆ. ಸ್ಮಾರ್ಟ್‌ಫೋನ್ ಇದ್ದವರು, ಆ ಗ್ರೂಪಿನಲ್ಲಿದ್ದವರು, ಬಿಡುವಿದ್ದವರು ಮಾತ್ರ ಫಾರ್ಮ್ ತುಂಬುತ್ತಾರೆ. “ಕಲ್ಯಾಣ ಕರ್ನಾಟಕದ ಯುವಕರ ಅಭಿಪ್ರಾಯ” ಅಂತ ತಲೆಬರಹ ಕೊಟ್ಟ ಪ್ರಬಂಧವೊಂದು ನಿಜಕ್ಕೂ ಎರಡು ಹಾಸ್ಟೆಲಿನ ಹುಡುಗರ ಅಭಿಪ್ರಾಯ ಆಗಿರಬಹುದು.

ಮನೆ ಮನೆಗೆ ಹೋದರೂ ಸಮಸ್ಯೆ ತಪ್ಪೋದಿಲ್ಲ, ಹೋಗುವ ಹೊತ್ತು ಸರಿಯಿರಬೇಕು. ಬೆಳೆಯ ನಡುವಿನ ಕಸ ತೆಗೆಯೋ ಕಾಲಕ್ಕೆ ಬೆಳಗ್ಗೆ ಹನ್ನೊಂದಕ್ಕೆ ಚಿಂಚೋಳಿಯ ಹಳ್ಳಿಯಲ್ಲಿ ಬಾಗಿಲು ತಟ್ಟಿದರೆ ಹೆಂಗಸರು ಹೊಲದಲ್ಲಿರುತ್ತಾರೆ. ದೀಪಾವಳಿ ಕಳೆದ ಮೇಲೆ ಲಂಬಾಣಿಗರ ತಾಂಡಾಗಳಿಗೆ ಹೋದರೆ ಎಷ್ಟೋ ಮನೆಗೆ ಬೀಗ. ದುಡಿಯುವ ವಯಸ್ಸಿನವರು ಪುಣೆ, ಮುಂಬೈ, ಬೆಂಗಳೂರಿನ ಕಟ್ಟಡದ ಕೆಲಸದಲ್ಲಿರುತ್ತಾರೆ. ಇರುವ ಮುದುಕರು, ಮಕ್ಕಳನ್ನೇ ಕೇಳಿಕೊಂಡು ಬಂದರೆ ತಾಂಡಾದ ಆರೋಗ್ಯದ ಚಿತ್ರ ಪೂರ್ತಿ ಬದಲಾಗಿಬಿಡುತ್ತದೆ. ಒಳ್ಳೆಯ ಸಂಶೋಧಕರು ಬೀಗ ಇದ್ದ ಮನೆ ಬಿಟ್ಟು ಪಕ್ಕದ ಮನೆಗೆ ಹೋಗೋದಿಲ್ಲ, ಪಟ್ಟಿಯಲ್ಲಿದ್ದ ಅದೇ ಮನೆಗೆ ಮತ್ತೆ ಬರುತ್ತಾರೆ. “ನಮ್ಮ ಮನೀಗೇ ಯಾಕ ಮತ್ತ ಮತ್ತ ಬರ್ತೀರಿ? ಬಾಜೂ ಮನ್ಯಾಗ ಕೇಳ್ರಿ” ಅಂತ ಬೇಸರಪಡಬೇಡಿ. ಮತ್ತೆ ಮತ್ತೆ ಬರೋದು ಅವರು ಕೆಲಸ ಸರಿಯಾಗಿ ಮಾಡುತ್ತಿರೋದರ ಗುರುತು.

ಇದರ ಇನ್ನೊಂದು ಮಗ್ಗುಲು: ಹೆಸರು ಕೊಡಲು ಮುಂದೆ ಬಂದವರನ್ನೂ ಕೆಲವೊಮ್ಮೆ ಬೇಡ ಅನ್ನುತ್ತಾರೆ. ರಕ್ತಹೀನತೆಗೆ ಒಂದು ಆಹಾರ ಕ್ರಮ ಎಷ್ಟು ಉಪಯೋಗ ಅಂತ ನೋಡುವಾಗ ಆಗಲೇ ಕಬ್ಬಿಣಾಂಶದ ಗುಳಿಗೆ ನುಂಗುತ್ತಿರುವವರನ್ನು ಸೇರಿಸಿದರೆ, ರಕ್ತ ಹೆಚ್ಚಿದ್ದು ಊಟದಿಂದಲೋ ಗುಳಿಗೆಯಿಂದಲೋ ತಿಳಿಯೋದಿಲ್ಲ. ಯಾರು ಬೇಕು, ಯಾರು ಬೇಡ ಅನ್ನೋದನ್ನು ಅಧ್ಯಯನ ಶುರುವಾಗೋ ಮುಂಚೆಯೇ ಬರೆದಿಟ್ಟಿರುತ್ತಾರೆ.

ಅಧ್ಯಯನ ಬೇರೆ, ಚಿಕಿತ್ಸೆ ಬೇರೆ

ಬಿಳಿ ಕೋಟು ಹಾಕಿಕೊಂಡವರು ಕೇಳಿದ್ದೆಲ್ಲಾ ನಮ್ಮ ರೋಗ ವಾಸಿಮಾಡಲಿಕ್ಕೇ ಅಂತ ನಾವು ನಂಬುತ್ತೇವೆ. ಇಲ್ಲಿ ಜಾಸ್ತಿ ಗೊಂದಲ ಆಗುವುದು ಇದೇ ವಿಷಯದಲ್ಲಿ. ಡಾಕ್ಟರು ಚಿಕಿತ್ಸೆ ಕೊಡುವಾಗ ನಿಮಗೆ ಯಾವುದು ಒಳ್ಳೇದು ಅಂತ ನೋಡುತ್ತಾರೆ. ಅಧ್ಯಯನದಲ್ಲಿ ಉತ್ತರ ಹುಡುಕುತ್ತಾರೆ. ಆ ಉತ್ತರದಿಂದ ನಾಳೆ ಬೇರೆಯವರಿಗೆ ಉಪಯೋಗ ಆಗಬಹುದು, ನಿಮಗೆ ಆಗದೇ ಇರಬಹುದು.

ಕೆಲವು ಅಧ್ಯಯನಗಳಲ್ಲಿ ಬರೀ ಪ್ರಶ್ನೆ ಕೇಳುತ್ತಾರೆ. ಕೆಲವದರಲ್ಲಿ ಬಿಪಿ, ತೂಕ ನೋಡುತ್ತಾರೆ, ರಕ್ತ ತೆಗೆಯುತ್ತಾರೆ. ಇನ್ನು ಕೆಲವದರಲ್ಲಿ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹೊಸ ವಿಧಾನ, ಇನ್ನೊಂದಕ್ಕೆ ಈಗಿರುವ ವಿಧಾನ ಕೊಟ್ಟು ಹೋಲಿಸುತ್ತಾರೆ. ಯಾರು ಯಾವ ಗುಂಪಿಗೆ ಅನ್ನೋದನ್ನು ಡಾಕ್ಟರಾಗಲೀ ನೀವಾಗಲೀ ಆರಿಸುವಂತಿಲ್ಲ, ಅದು ಚೀಟಿ ಎತ್ತಿ ತೀರ್ಮಾನಿಸಿದಂತೆ ಆಗಬೇಕು. ಇಲ್ಲದಿದ್ದರೆ ಗಟ್ಟಿಮುಟ್ಟಾದವರೆಲ್ಲಾ ಒಂದೇ ಗುಂಪಿಗೆ ಸೇರಿಬಿಡಬಹುದು.

ಇದಕ್ಕೆ ನಮ್ಮ ದೇಶದ್ದೇ ಒಂದು ದೊಡ್ಡ ಉದಾಹರಣೆ ಇದೆ. ಹಿಂದೆ ಕ್ಷಯ ಬಂದರೆ ಸ್ಯಾನಟೋರಿಯಮ್ಮಿನಲ್ಲಿ, ಅಂದರೆ ಕ್ಷಯರೋಗಿಗಳ ಆಸ್ಪತ್ರೆಯಲ್ಲಿ, ತಿಂಗಳುಗಟ್ಟಲೆ ಇರಬೇಕು ಅನ್ನೋ ನಂಬಿಕೆ ಇತ್ತು. ಅಷ್ಟು ಹಾಸಿಗೆ ಭಾರತದಲ್ಲಿ ಎಲ್ಲಿತ್ತು? 1956ರಲ್ಲಿ ಮದ್ರಾಸಿನಲ್ಲಿ ಒಂದು ಅಧ್ಯಯನ ಶುರುವಾಯಿತು. ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಟೋರಿಯಮ್ಮಿಗೆ ಕಳಿಸಿದರು, ಕೆಲವರಿಗೆ ಮನೆಯಲ್ಲೇ ಇರಲು ಹೇಳಿದರು. ಔಷಧ ಇಬ್ಬರಿಗೂ ಒಂದೇ. ಒಂದು ಕಡೆ ಒಳ್ಳೆ ಊಟ, ವಿಶ್ರಾಂತಿ, ದಾದಿಯರು. ಇನ್ನೊಂದು ಕಡೆ ಇಕ್ಕಟ್ಟಿನ ಮನೆ, ಕಡಿಮೆ ಊಟ. 1959ರಲ್ಲಿ ಫಲಿತಾಂಶ ಬಂತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಅವರ ಮನೆಯವರಿಗೆ ಸೋಂಕು ತಗಲುವ ಅಪಾಯವೂ ಅದರಿಂದ ಹೆಚ್ಚಿರಲಿಲ್ಲ. ಇವತ್ತು ಟಿಬಿ ರೋಗಿಗಳು ಮನೆಯಲ್ಲಿದ್ದುಕೊಂಡೇ ಮಾತ್ರೆ ನುಂಗುತ್ತಾರಲ್ಲ, ಅದರ ಹಿಂದೆ ಈ ಅಧ್ಯಯನ ಇದೆ. ಅದರಲ್ಲಿ ಸೇರಿದ ಮದ್ರಾಸಿನ ಬಡವರ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ. ಆದರೆ ಅವರ ಋಣ ನಮ್ಮ ಮೇಲಿದೆ ಅಂತ ನಾನು ನಂಬಿದ್ದೇನೆ.

ಇಷ್ಟೊಂದು ನಿಯಮ ಯಾಕೆ ಬಂತು?

ಜನರ ನಂಬಿಕೆಗೆ ದ್ರೋಹ ಆಗಿದ್ದರಿಂದ. ಅಮೆರಿಕದ ಟಸ್ಕೀಗಿ ಅನ್ನೋ ಊರಿನಲ್ಲಿ 1932ರಿಂದ ಸುಮಾರು 600 ಕಪ್ಪು ಜನಾಂಗದ ಗಂಡಸರ ಮೇಲೆ ಸರ್ಕಾರವೇ ಅಧ್ಯಯನ ನಡೆಸಿತು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ಅನ್ನೋ ಲೈಂಗಿಕ ರೋಗ ಇತ್ತು. ಹಾಗಂತ ಅವರಿಗೆ ಹೇಳಲಿಲ್ಲ. “ಕೆಟ್ಟ ರಕ್ತ”ಕ್ಕೆ ಚಿಕಿತ್ಸೆ ಅಂದರು. ಪೆನಿಸಿಲಿನ್ ಬಂದು ರೋಗ ವಾಸಿಮಾಡಬಹುದು ಅಂತ ಗೊತ್ತಾದ ಮೇಲೂ ಕೊಡಲಿಲ್ಲ. ರೋಗ ಹೇಗೆ ಬೆಳೆಯುತ್ತದೆ ಅಂತ ಸುಮ್ನೆ ನೋಡುತ್ತಾ ಕೂತರು, 40 ವರ್ಷ. 1972ರಲ್ಲಿ ಪತ್ರಿಕೆಯಲ್ಲಿ ಬಂದ ಮೇಲೆ ಅದು ನಿಂತಿತು.

ನಾಜಿ ಶಿಬಿರಗಳಲ್ಲಿ ಡಾಕ್ಟರುಗಳು ಮಾಡಿದ ಕ್ರೌರ್ಯದ ವಿಚಾರಣೆ ಮುಗಿದಾಗ, 1947ರಲ್ಲಿ, ನ್ಯೂರೆಂಬರ್ಗ್ ಸಂಹಿತೆ ಬಂತು. ಮನುಷ್ಯ ತಾನಾಗಿ ಒಪ್ಪದೆ ಅವನ ಮೇಲೆ ಪ್ರಯೋಗ ಕೂಡದು ಅನ್ನೋದೇ ಅದರ ಮೊದಲ ಮಾತು. 1964ರಲ್ಲಿ, ಮನುಷ್ಯರ ಮೇಲೆ ಸಂಶೋಧನೆ ಮಾಡುವ ಡಾಕ್ಟರುಗಳು ಹೇಗೆ ನಡೆದುಕೊಳ್ಳಬೇಕು ಅಂತ ಹೇಳುವ ಹೆಲ್ಸಿಂಕಿ ಘೋಷಣೆ ಬಂತು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ವಿವರವಾದ ಮಾರ್ಗಸೂಚಿ ಹೊರಡಿಸಿದೆ. ಹೊಸ ಔಷಧದ ಪ್ರಯೋಗಕ್ಕೆ 2019ರ ನಿಯಮಗಳಿವೆ.

ಇವುಗಳ ಪ್ರಕಾರ ಆರೋಗ್ಯದ ಸಂಶೋಧನೆ ಶುರುಮಾಡೋ ಮುಂಚೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಐಸಿಎಂಆರ್ ಲೆಕ್ಕದಲ್ಲಿ ಆ ಸಮಿತಿಯಲ್ಲಿ 7ರಿಂದ 15 ಜನ ಇರಬೇಕು. ಅಧ್ಯಕ್ಷರು ಆ ಸಂಸ್ಥೆಯವರಾಗಿರಬಾರದು. ಅರ್ಧದಷ್ಟು ಜನ ಹೊರಗಿನವರು. ಡಾಕ್ಟರುಗಳ ಜೊತೆ ಕಾನೂನು ಬಲ್ಲವರೊಬ್ಬರು, ಸಮಾಜ ವಿಜ್ಞಾನದವರೊಬ್ಬರು, ಮತ್ತೆ ಇದಾವುದೂ ಅಲ್ಲದ ಸಾಮಾನ್ಯ ವ್ಯಕ್ತಿಯೊಬ್ಬರು. ಆ ಸಾಮಾನ್ಯ ವ್ಯಕ್ತಿಯ ಕೆಲಸ ದೊಡ್ಡದು. “ಈ ಕಾಗದ ಓದಿದರೆ ನನಗೇ ತಿಳೀವಲ್ದು, ರೋಗಿಗೆ ಹ್ಯಾಂಗ ತಿಳೀಬೇಕು?” ಅಂತ ಕೇಳಬೇಕಾದವರು ಅವರು.

ಕೈಗೆ ಬರುವ ಕಾಗದ

ಎರಡು ಕಾಗದ ಇರುತ್ತವೆ. ಒಂದು ಮಾಹಿತಿ ಪತ್ರ, ಇನ್ನೊಂದು ಒಪ್ಪಿಗೆ ಪತ್ರ. ನಡೆಯುವುದು ಹೀಗೆ: ಮಾಹಿತಿ ಪತ್ರ ಪ್ಯಾಡಿನ ಅಡಿಯಲ್ಲೇ ಉಳಿಯುತ್ತದೆ, ಒಪ್ಪಿಗೆ ಪತ್ರ ಮಾತ್ರ ಮೇಲೆ ಬರುತ್ತದೆ. “ಇಲ್ಲೊಂದು ಸಹಿ ಮಾಡ್ರಿ ಅಕ್ಕಾ, ಏನೂ ಆಗಂಗಿಲ್ಲ.” ಬೆರಳಿನ ತುದಿ ಸಹಿ ಮಾಡುವ ಗೆರೆಯ ಮೇಲೆ ಇರುತ್ತದೆ. ಅಲ್ಲಿ ನಿಲ್ಲಿಸಿ. ಮೊದಲು ಆ ಅಡಿಯ ಕಾಗದ ಕೇಳಿ.

ಅದರಲ್ಲಿ ಅಧ್ಯಯನ ಯಾತಕ್ಕೆ, ನಿಮ್ಮಿಂದ ಏನು ಬೇಕು, ಎಷ್ಟು ಹೊತ್ತು, ಎಷ್ಟು ಸಲ ಬರಬೇಕು ಅಂತ ಇರಬೇಕು. ರಕ್ತ ತೆಗೆಯುವುದಾದರೆ ಎಷ್ಟು ಅಂತ ಹೇಳಬೇಕು. ಏನು ತೊಂದರೆ ಆಗಬಹುದು, ಆದರೆ ಚಿಕಿತ್ಸೆ ಯಾರು ಕೊಡಿಸುತ್ತಾರೆ ಅನ್ನೋದು ಇರಬೇಕು. ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು ಅಂತ ಸ್ಪಷ್ಟವಾಗಿ ಬರೆದಿರಬೇಕು. ಕೊನೆಗೆ ಸಂಶೋಧಕರ ಫೋನ್ ನಂಬರು, ನೈತಿಕ ಸಮಿತಿಯವರ ನಂಬರು. ಈ ಕಾಗದದ ಒಂದು ಪ್ರತಿ ನಿಮ್ಮ ಹತ್ತಿರ ಉಳಿಯಬೇಕು. ಮನೆಗೆ ಒಯ್ದು ಮಕ್ಕಳ ಕೈಲಿ ಓದಿಸಿ ನಾಳೆ ಹೇಳುತ್ತೇನೆ ಅಂದರೆ ಅದಕ್ಕೂ ಅವಕಾಶ ಇರಬೇಕು.

ಭಾಷೆ ನಿಮಗೆ ತಿಳಿಯುವಂಥದ್ದೇ ಆಗಿರಬೇಕು. ನಮ್ಮಲ್ಲಿ ಒಂದೇ ಓಣಿಯಲ್ಲಿ ಕನ್ನಡ, ಉರ್ದು, ತೆಲುಗು, ಮರಾಠಿ, ಲಂಬಾಣಿ ಮಾತು ಕೇಳುತ್ತವೆ. ಕನ್ನಡ ಕಾಗದ ಇದೆ ಅಂದ ಮಾತ್ರಕ್ಕೆ ತಾಂಡಾದ ಅಜ್ಜಿಗೆ ತಿಳಿಯಿತು ಅಂತ ಅಲ್ಲ. ಓದು ಬಾರದವರಿಗೆ ಕಾಗದವನ್ನು ಪೂರ್ತಿ ಓದಿ ಹೇಳಬೇಕು, ಅದೂ ಸಂಶೋಧನೆಯ ತಂಡಕ್ಕೆ ಸೇರದ ಒಬ್ಬ ಸಾಕ್ಷಿಯ ಎದುರಿಗೆ. ಆಮೇಲೆ ಹೆಬ್ಬೆಟ್ಟು, ಪಕ್ಕದಲ್ಲಿ ಸಾಕ್ಷಿಯ ಸಹಿ.

18 ತುಂಬದ ಮಕ್ಕಳಾದರೆ ತಂದೆ ತಾಯಿ ಒಪ್ಪಬೇಕು. ಅಷ್ಟೇ ಸಾಲದು, 7 ವರ್ಷ ದಾಟಿದ ಮಗುವನ್ನೂ ಕೇಳಬೇಕು. 12 ದಾಟಿದವರಿಂದ ಬರಹದಲ್ಲಿ ಒಪ್ಪಿಗೆ ತಗೊಳ್ಳಬೇಕು.

“ಸಾಯೇಬ್ರು ಹೇಳ್ಯಾರ, ಹ್ಯಾಂಗ ಬ್ಯಾಡ ಅನ್ನೋದು?”

ಊರಿಗೆ ಬರೋ ಮುಂಚೆ ಪಂಚಾಯಿತಿಯವರನ್ನು, ತಾಂಡಾದ ನಾಯಕರನ್ನು, ಶಾಲೆಯ ಹೆಡ್‌ಮಾಸ್ಟರನ್ನು ಕೇಳೋದು ಒಳ್ಳೆ ರೂಢಿ. ಆದರೆ ಅವರು ಹೂಂ ಅಂದರೆ ಊರೊಳಗೆ ಬರಲು ಅನುಮತಿ ಸಿಕ್ಕಿತು ಅಷ್ಟೇ. ಪ್ರತಿಯೊಬ್ಬರನ್ನೂ ಬೇರೆ ಬೇರೆ ಕೇಳಲೇಬೇಕು. ಗಂಡ ಒಪ್ಪಿದ ಅಂತ ಹೆಂಡತಿ ಒಪ್ಪಿದಂತಲ್ಲ. ಮನೆಯವರ ಜೊತೆ ಮಾತಾಡಿಕೊಂಡು ಹೇಳುತ್ತೇನೆ ಅನ್ನೋದು ಆಕೆಯ ಇಷ್ಟ, ಉತ್ತರ ಮಾತ್ರ ಆಕೆಯದೇ ಆಗಿರಬೇಕು.

ಇದನ್ನು ಲಘುವಾಗಿ ತಗೊಂಡರೆ ಏನಾಗುತ್ತದೆ ಅನ್ನೋದು ನಮ್ಮ ನೆರೆಯಲ್ಲೇ ಕಂಡಿದೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಮತ್ತು ಗುಜರಾತಿನ ವಡೋದರಾದಲ್ಲಿ ಸಾವಿರಾರು ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕುವ ಯೋಜನೆ ಶುರುವಾಯಿತು. 2010ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ತನ್ನ ವರದಿಯಲ್ಲಿ ಒಪ್ಪಿಗೆ ಪಡೆದ ರೀತಿಯನ್ನು ಕಟುವಾಗಿ ಟೀಕಿಸಿತು. ಹಾಸ್ಟೆಲಿನಲ್ಲಿದ್ದ ಹುಡುಗಿಯರ ಎಷ್ಟೋ ಒಪ್ಪಿಗೆ ಪತ್ರಗಳಿಗೆ ತಂದೆ ತಾಯಿಯ ಬದಲು ವಾರ್ಡನ್‌ಗಳು, ಹೆಡ್‌ಮಾಸ್ಟರುಗಳು ಸಹಿ ಮಾಡಿದ್ದರು. ಲಸಿಕೆ ಒಳ್ಳೆಯದೋ ಕೆಟ್ಟದ್ದೋ ಅನ್ನೋದು ಇಲ್ಲಿ ಪ್ರಶ್ನೆ ಅಲ್ಲ. ಬೇರೆಯವರ ಮಗಳ ಪರವಾಗಿ ವಾರ್ಡನ್ ಒಪ್ಪಿಗೆ ಕೊಟ್ಟಿದ್ದು ಹೇಗೆ ಅನ್ನೋದು ಪ್ರಶ್ನೆ.

ಕಾಲೇಜಿನಲ್ಲೂ ಇಂಥ ಒತ್ತಡ ಇದೆ. ಪಾಠ ಹೇಳುವ ಸರ್ ತಾವೇ ಫಾರ್ಮ್ ಹಂಚಿ, “ಎಲ್ಲರೂ ತುಂಬ್ರಿ” ಅಂದರೆ ಇಂಟರ್ನಲ್ ಮಾರ್ಕ್ಸ್ ನೆನಪಾಗದ ವಿದ್ಯಾರ್ಥಿ ಯಾರು? ಅದಕ್ಕೇ ವಿದ್ಯಾರ್ಥಿಗಳು, ಕೈಕೆಳಗಿನ ನೌಕರರು ಸುಲಭವಾಗಿ ಒತ್ತಡಕ್ಕೆ ಸಿಗುವವರು ಅಂತ ಐಸಿಎಂಆರ್ ಗುರುತಿಸಿದೆ. ಫಾರ್ಮ್ ತುಂಬಲಿಲ್ಲ ಅಂತ ಅಂಕ ಕಡಿಮೆ ಮಾಡುವಂತಿಲ್ಲ. ಯಾರು ತುಂಬಿದರು, ಯಾರು ಬಿಟ್ಟರು ಅನ್ನೋದು ಪಾಠ ಹೇಳುವವರಿಗೆ ಗೊತ್ತಾಗದಂತೆ ಬೇರೆಯವರ ಕೈಲಿ ಮಾಡಿಸುವುದು ಸರಿಯಾದ ದಾರಿ.

ದುಡ್ಡು ಕೊಡುತ್ತಾರಾ?

ಬಸ್ ಚಾರ್ಜು, ಆ ದಿನ ತಪ್ಪಿದ ಕೂಲಿ, ಊಟದ ಖರ್ಚು ಕೊಡಬಹುದು, ಕೊಡಬೇಕು ಕೂಡ. ಸೇಡಂನಿಂದ ಕಲಬುರಗಿಗೆ ಬಂದು ಹೋಗುವ ಖರ್ಚನ್ನು ಕೂಲಿ ಮಾಡುವವರ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ಆದರೆ ಅಪಾಯವನ್ನೇ ಮರೆಸುವಷ್ಟು ದುಡ್ಡು ಕೊಡುವಂತಿಲ್ಲ. ಅಧ್ಯಯನದಿಂದಲೇ ಏಟು, ಕಾಯಿಲೆ ಆದರೆ ಉಚಿತವಾಗಿ ಚಿಕಿತ್ಸೆ ಕೊಡಿಸಬೇಕು.

ಅಧ್ಯಯನಕ್ಕಾಗಿಯೇ ಮಾಡುವ ಪರೀಕ್ಷೆಗೆ ನಿಮ್ಮ ಕೈಯಿಂದ ದುಡ್ಡು ತಗೊಳ್ಳುವಂತಿಲ್ಲ. “ಹೆಸರು ನೋಂದಾಯಿಸಲು ಇಷ್ಟು ಕಟ್ಟಿ” ಅಂದರೆ ಅಥವಾ ಒಟಿಪಿ, ಎಟಿಎಂ ಪಿನ್ ಕೇಳಿದರೆ ಅದು ಮೋಸ. ಯಾವ ಅಧ್ಯಯನಕ್ಕೂ ನಿಮ್ಮ ಒಟಿಪಿ ಬೇಕಾಗೋದಿಲ್ಲ.

ಹೇಳಿದ ಮಾತು ಎಲ್ಲಿಗೆ ಹೋಗುತ್ತದೆ?

ನಿಮ್ಮ ಉತ್ತರದ ಮೇಲೆ ಹೆಸರಿನ ಬದಲು ಒಂದು ನಂಬರು ಹಾಕುತ್ತಾರೆ. ಯಾವ ನಂಬರು ಯಾರದ್ದು ಅನ್ನೋ ಪಟ್ಟಿ ಬೇರೆ ಕಡೆ ಭದ್ರವಾಗಿರಬೇಕು. ಆದರೆ ಸಣ್ಣ ಊರಿನಲ್ಲಿ ಹೆಸರು ತೆಗೆದರೆ ಸಾಕಾಗೋದಿಲ್ಲ. “ತಾಂಡಾದ ಅಂಗನವಾಡಿಯಲ್ಲಿ ಕೆಲಸ ಮಾಡುವ, ಗಂಡನಿಲ್ಲದ, ಮೂರು ಹೆಣ್ಣುಮಕ್ಕಳ ತಾಯಿ” ಅಂತ ಬರೆದರೆ ಆ ತಾಂಡಾದ ಮಕ್ಕಳಿಗೂ ಅದು ಯಾರು ಅಂತ ತಿಳಿಯುತ್ತದೆ. ಮನೆಯ ಜಗಳ, ಸಾಲ, ಕಾಯಿಲೆಯ ವಿಷಯ ಹೇಳೋ ಮುಂಚೆ ಇದನ್ನು ಕೇಳಿ: ನನ್ನ ಬಗ್ಗೆ ಏನೇನು ಬರೆಯುತ್ತೀರಿ? ಫೋಟೊಗೆ, ಧ್ವನಿ ರೆಕಾರ್ಡ್ ಮಾಡಲು ಬೇರೆಯಾಗಿ ಒಪ್ಪಿಗೆ ಕೇಳಬೇಕು. ಮಾತಾಡುತ್ತೇನೆ, ರೆಕಾರ್ಡ್ ಬೇಡ ಅಂತ ಹೇಳಬಹುದು.

ಸೇರಿದ ಮೇಲೆ ಬೇಡ ಅನಿಸಿದರೆ

ಬಿಡಬಹುದು. ಕಾರಣ ಹೇಳಬೇಕಾಗಿಲ್ಲ. ದವಾಖಾನೆಯಲ್ಲಿ ನಿಮಗೆ ನಡೆಯುತ್ತಿರುವ ಚಿಕಿತ್ಸೆ ಅದರಿಂದ ನಿಲ್ಲಬಾರದು. ಔಷಧದ ಪ್ರಯೋಗವಾದರೆ ಥಟ್ಟನೆ ಮಾತ್ರೆ ಬಿಡುವುದರಿಂದ ತೊಂದರೆ ಆಗಬಹುದು, ಆದ್ದರಿಂದ ಡಾಕ್ಟರಿಗೆ ಹೇಳಿ ಬಿಡುವುದು ಕ್ಷೇಮ. ಹಾಗೇ, ಬರುತ್ತೇನೆ ಅಂತ ಹೇಳಿ ಸುಮ್ನೆ ಬಾರದೇ ಇರೋದಕ್ಕಿಂತ ಮೊದಲೇ ಬೇಡ ಅನ್ನೋದು ಸಂಶೋಧಕರಿಗೂ ಒಳ್ಳೇದು. ಎಷ್ಟು ಜನ ಬೇಕು ಅಂತ ಅವರು ಲೆಕ್ಕ ಹಾಕಿರುತ್ತಾರೆ. ನಡುವೆ ಬಹಳ ಮಂದಿ ಕಾಣೆಯಾದರೆ ಉಳಿದವರು ಕೊಟ್ಟ ಸಮಯವೂ ವ್ಯರ್ಥವಾಗಬಹುದು.

ಏನಾದರೂ ತಪ್ಪು ನಡೆದಿದೆ ಅನಿಸಿದರೆ ಮಾಹಿತಿ ಪತ್ರದಲ್ಲಿರುವ ನೈತಿಕ ಸಮಿತಿಯ ನಂಬರಿಗೆ ಫೋನ್ ಮಾಡಿ. ಔಷಧದ ಪ್ರಯೋಗಗಳು ಸಿಟಿಆರ್‌ಐ ಅನ್ನೋ ಸರ್ಕಾರಿ ದಾಖಲೆಯಲ್ಲಿ ನೋಂದಣಿ ಆಗಿರಬೇಕು. ಅದು 2007ರಲ್ಲಿ ಶುರುವಾಯಿತು, 2009ರ ಜೂನ್‌ನಿಂದ ನೋಂದಣಿ ಕಡ್ಡಾಯ. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು, ದುಡ್ಡಿಲ್ಲ.

ಫಲಿತಾಂಶ ಏನಾಯಿತು ಅಂತ ಕೇಳುವವರು ಬಹಳ ಕಡಿಮೆ. ದಯವಿಟ್ಟು ಕೇಳಿ. ನಿಮ್ಮ ರಕ್ತ ಪರೀಕ್ಷೆಯ ವರದಿ ಕೊಡುತ್ತಾರಾ, ಅಧ್ಯಯನ ಮುಗಿದ ಮೇಲೆ ಊರಿಗೆ ಬಂದು ಹೇಳುತ್ತಾರಾ ಅಂತ ಸಹಿ ಮಾಡುವಾಗಲೇ ಕೇಳಿಟ್ಟುಕೊಳ್ಳಿ. ಪಿಎಚ್‌ಡಿ ಪ್ರಬಂಧವಾದರೆ ಇನ್ನೊಂದು ದಾರಿಯಿದೆ. ವಿಶ್ವವಿದ್ಯಾಲಯಗಳು ಪ್ರಬಂಧಗಳನ್ನು ಶೋಧಗಂಗಾ ಅನ್ನೋ ಜಾಲತಾಣಕ್ಕೆ ಹಾಕುತ್ತವೆ, ಗುಲಬರ್ಗಾ ವಿಶ್ವವಿದ್ಯಾಲಯದವೂ ಅಲ್ಲಿವೆ. ಮಾಹಿತಿ ಪತ್ರದಲ್ಲಿದ್ದ ಸಂಶೋಧಕರ ಹೆಸರನ್ನು ಒಂದೆರಡು ವರ್ಷ ಬಿಟ್ಟು ಅಲ್ಲಿ ಹುಡುಕಿದರೆ, ನೀವು ಕೊಟ್ಟ ಉತ್ತರ ಯಾವ ಲೆಕ್ಕದೊಳಗೆ ಸೇರಿತು ಅಂತ ನೀವೇ ಓದಿ ನೋಡಬಹುದು.